ಕಣ್ಣು ತೆರೆದ ಫೋಟೊ

ಚನ್ನಬಸವರಾಜನಿಗೆ ಕೂತಲ್ಲಿ ಕೂರಲಾಗದ ರೋಗ ಹತ್ತಿ ಎರಡು ತಿಂಗಳಾಗಿತ್ತು. ಸಿರುಗುಪ್ಪದ ಅವನ ಸ್ಟುಡಿಯೊದಲ್ಲಿ ಗಿರಾಕಿ ಕೂರುವ ಸ್ಟೂಲಿನಿಂದ ಕಂಪ್ಯೂಟರಿನ ತನಕ ಏಳು ಹೆಜ್ಜೆ, ಕಂಪ್ಯೂಟರಿನಿಂದ ಬಾಗಿಲ ತನಕ ಒಂಬತ್ತು. ಆ ಹದಿನಾರು ಹೆಜ್ಜೆಗಳನ್ನು ಅವನು ದಿನಕ್ಕೆ ಎಷ್ಟು ಸಲ ಅಳೆಯುತ್ತಿದ್ದನೋ ದೇವರೇ ಬಲ್ಲ. ನಡೆಯುತ್ತಲೇ ಫೋನಿನಲ್ಲಿ ಲೈಟುಗಳ ವಿಡಿಯೊ ನೋಡುವುದು, ನಡೆಯುತ್ತಲೇ ಚಹಾ ಕುಡಿಯುವುದು, ನಡೆಯುತ್ತಲೇ ಹೆಂಡತಿ ಗಂಗೋತ್ರಿಯ ಮಾತಿಗೆ ಹೂಂ ಅನ್ನುವುದು. ಬ್ಯಾಟರಿಯ ಫ್ಲ್ಯಾಶ್ ಲೈಟು ತರಬೇಕೋ ಕರೆಂಟಿನದೋ, ನಾನೂರು ವ್ಯಾಟಿನದೋ ಆರುನೂರರದೋ, ತಾನೇ ಬೆಳಕು ಲೆಕ್ಕ ಹಾಕಿಕೊಳ್ಳುವ ಆಟೊಮ್ಯಾಟಿಕ್ಕೋ, ಕೈಯಿಂದ ತಿರುಗಿಸುವ ಮ್ಯಾನುವಲ್ಲೋ. ಬೆಳಿಗ್ಗೆ ಒಂದು ಗಟ್ಟಿ ಮಾಡಿದರೆ ಮಧ್ಯಾಹ್ನ ಇನ್ನೊಂದು.

"ನನ್ನ ನೋಡಾಕ ಬಂದಾಗೂ ಇಷ್ಟು ಮೀನಮೇಷ ಎಣಿಸಿರಲಿಲ್ಲ ನೀವು. ಚಾ ಆರೋದ್ರಾಗ ಒಪ್ಪಿದ್ರಿ" ಎಂದಳು ಗಂಗೋತ್ರಿ, ಕಂಪ್ಯೂಟರಿನಲ್ಲಿ ಯಾರದೋ ಮದುವೆಯ ಆಲ್ಬಂ ಜೋಡಿಸುತ್ತಾ.

"ನೀನು ಗ್ಯಾರಂಟಿ ಇದ್ದಿ" ಎಂದು ಅವನು ಬಾಗಿಲ ಕಡೆ ತಿರುಗಿದ. ನಗುವ ಮನಸ್ಸಿರಲಿಲ್ಲ.

ಅಪ್ಪ ಗಾದಿಲಿಂಗಪ್ಪ ಬಿಟ್ಟುಹೋದ ಎರಡು ಲೈಟುಗಳು ಇಪ್ಪತ್ತೆರಡು ವರ್ಷ ದುಡಿದಿದ್ದವು. ಅದರಲ್ಲೊಂದು ಕೂಸಿನ ಫೋಟೊ ತೆಗೆಯುವಾಗ ಠುಸ್ ಎಂದು ಸುಟ್ಟ ವಾಸನೆ ಬಿಟ್ಟು ಕಣ್ಮುಚ್ಚಿತು. ಜೋಡಿ ಹೋದ ದುಃಖಕ್ಕೋ ಏನೋ, ಅದೇ ವಾರ ಇನ್ನೊಂದೂ ನಿಂತಿತು. ಅಂದಿನಿಂದ ಕ್ಯಾಮೆರಾದ ನೆತ್ತಿಯ ಮೇಲೆ ಕೂರಿಸುವ ಸಣ್ಣ ಫ್ಲ್ಯಾಶೇ ಗತಿ. ಅದರ ಬೆಳಕು ಮುಖಕ್ಕೆ ನೇರ ರಾಚುತ್ತಿತ್ತು. ಹಣೆಯ ವಿಭೂತಿ ಒಂದೇ ಬಿಳಿ ಪಟ್ಟಿಯಾಗಿ ಬರುತ್ತಿತ್ತು. ಲೈಟಿನ ವಿಷಯದಲ್ಲಿ ಅಪ್ಪನದು ಒಂದೇ ಪರೀಕ್ಷೆಯಿತ್ತು: "ಹಣಿಮ್ಯಾಲಿನ ಈಬತ್ತಿ ಮೂರು ಗೆರಿ ಬ್ಯಾರೆ ಬ್ಯಾರೆ ಕಾಣಬೇಕು. ಸುಣ್ಣ ಬಳದಂಗ ಕಂಡ್ರ ಅಂಥಾ ಲೈಟು ಒಯ್ದು ಹೊಲದಾಗ ಹಂದಿ ಕಾಯಾಕ ಇಡು."

ಆದರೆ ಚನ್ನಬಸವನನ್ನು ಓಡಾಡಿಸುತ್ತಿದ್ದುದು ಲೈಟು ಮಾತ್ರವಲ್ಲ. ಕುರುಗೋಡಿನ ಸೋದರತ್ತೆ ವೀರಭದ್ರಮ್ಮನ ಒಂದು ಮಾತು.

ಎರಡು ತಿಂಗಳ ಹಿಂದೆ, ಲೈಟು ಸುಟ್ಟ ಮರುವಾರ, ದೇಶನೂರಿನಲ್ಲಿ ನೆಂಟರ ಮದುವೆ. ಅತ್ತೆ ತಾನಾಗಿ ಬಂದು ಕುರ್ಚಿಯಲ್ಲಿ ಕೂತು, ಸೆರಗು ಸರಿಮಾಡಿಕೊಂಡು, "ನಂದೊಂದು ಫೋಟೊ ತಗಿ" ಎಂದಿದ್ದಳು. ಅವನು ಏಳು ಸಲ ತೆಗೆದ. ಏಳರಲ್ಲೂ ಅತ್ತೆಯ ಕಣ್ಣು ಮುಚ್ಚಿದ್ದವು. ಅದೇನು ಹೊಸದಲ್ಲ. ಇಪ್ಪತ್ತು ವರ್ಷದಿಂದ ಯಾವ ಮದುವೆಯ ಆಲ್ಬಂ ತೆಗೆದು ನೋಡಿದರೂ ವೀರಭದ್ರಮ್ಮ ಧ್ಯಾನಕ್ಕೆ ಕೂತವಳ ಹಾಗೆ ಕಣ್ಣು ಮುಚ್ಚಿಕೊಂಡೇ ಇರುತ್ತಿದ್ದಳು. ಅಣ್ಣ ಗಾದಿಲಿಂಗಪ್ಪನ ಸ್ಟುಡಿಯೊಕ್ಕಂತೂ ಅವಳು ಕಾಲಿಟ್ಟವಳೇ ಅಲ್ಲ. ಅಣ್ಣ ದುಡ್ಡು ತಗೊಳ್ಳುವುದಿಲ್ಲ, ಪುಕ್ಕಟೆ ತೆಗೆಸಿಕೊಳ್ಳಲು ಇವಳು ಒಪ್ಪುವುದಿಲ್ಲ. ಕಣ್ಣು ತೆರೆದದ್ದು ಆಧಾರ್ ಕಾರ್ಡಿನಲ್ಲೊಂದೇ, ಅದರಲ್ಲಿ ಕಣ್ಣು ಬಿಟ್ಟರೆ ಬೇರೇನೂ ಅವಳದಾಗಿರಲಿಲ್ಲ.

ಏಳನೆಯದನ್ನೂ ನೋಡಿ ಅವಳು ಕುರ್ಚಿಯಿಂದ ಎದ್ದಳು. "ಚನ್ನಾ, ಇನ್ನೊಂದೇ ಸಲ ಕೂಡ್ತೀನಿ. ಚೊಲೊ ಲೈಟು ತಂದ ಮ್ಯಾಲೆ ಹೇಳು. ಆಗೂ ಕಣ್ಣು ಮುಚ್ಚಿದ್ರ ಮುಗೀತು, ಮತ್ತ ಯಾರ ಮುಂದೂ ಕೂಡಂಗಿಲ್ಲ. ಆಮ್ಯಾಲೆ ನಾ ಸತ್ತಾಗ ನೀನು ನನಗೂ ಯಾರ್ದಾರ ಕಣ್ಣು ಹಚ್ಚತೀ."

'ನನಗೂ' ಎಂದಳು. ಅಂದಿನಿಂದ ಚನ್ನಬಸವ ಆ ಹದಿನಾರು ಹೆಜ್ಜೆ ಅಳೆಯತೊಡಗಿದ್ದ. ಅತ್ತೆಗೆ ಗೊತ್ತಾಯಿತೆ? ಎಷ್ಟು ಗೊತ್ತಾಯಿತು?

ಎಂಟು ವರ್ಷದ ಹಿಂದೆ ಅತ್ತೆಯ ಗಂಡ ದೊಡ್ಡಬಸವರಾಜ ತೀರಿಕೊಂಡಿದ್ದ. ಅವರ ಮಂದಿಯಲ್ಲಿ ಹೋದವರನ್ನು ಮಲಗಿಸಿ ಇಡುವುದಿಲ್ಲ. ಮೈ ತೊಳೆದು, ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂಡಿಸುತ್ತಾರೆ. ಮನೆಯವರೆಲ್ಲ ಎರಡೂ ಕಡೆ ಕೂತ ಮೇಲೆ ಕೊನೆಯ ಫೋಟೊ. ಅದನ್ನು ತೆಗೆದವನು ಚನ್ನಬಸವನೇ. ಮಾಮನ ಬೇರೆ ನೆಟ್ಟಗಿನ ಫೋಟೊ ಇರಲಿಲ್ಲ. ಗೋಡೆಗೆ ಹಾಕಲು ಏನಾದರೂ ಬೇಕಲ್ಲ ಎಂದು ಅವನು ಆ ಕೊನೆಯ ಫೋಟೊದಿಂದ ಮಾಮನೊಬ್ಬನನ್ನೇ ಕತ್ತರಿಸಿ, ಹಿಂದೆ ನೀಲಿ ಬಣ್ಣ ಕೊಟ್ಟು, ಕಣ್ಣು ತೆರೆಸಿದ.

ಸತ್ತವರ ಕಣ್ಣು ತೆರೆಸುವುದು ಈ ಕಸುಬಿನಲ್ಲಿ ಎಲ್ಲರೂ ಮಾಡುವ ಕೆಲಸವೇ. ಹೆಚ್ಚು ಕಷ್ಟವೂ ಇಲ್ಲ. ಅದೇ ವಯಸ್ಸಿನ, ಅದೇ ಬಣ್ಣದ ಇನ್ನೊಬ್ಬರ ಪಾಸ್‌ಪೋರ್ಟ್ ಫೋಟೊ ಹುಡುಕಿ ಅವರ ಕಣ್ಣನ್ನು ತಂದು ಕೂರಿಸಿದರಾಯಿತು. ಚನ್ನಬಸವನಿಗೆ ಸಿಕ್ಕಿದ್ದು ರೈಸ್ ಮಿಲ್ಲಿನ ಗುಮಾಸ್ತ ಹೊನ್ನೂರಸ್ವಾಮಿಯ ಕಣ್ಣು. ಅಳತೆ ತೆಗೆದು ಹೊಲಿಸಿದ ಹಾಗೆ ಕೂತವು. ಕಟ್ಟು ಹಾಕಿಸಿ, ಗಂಧದ ಹಾರ ಹಾಕಿ ಕುರುಗೋಡಿಗೆ ಒಯ್ದಾಗ ನೆರೆಮನೆಯವರು, "ಎದ್ದು ಬಂದಂಗ ಅದಾರ" ಎಂದರು. ಅತ್ತೆ ಬಹಳ ಹೊತ್ತು ನೋಡಿ, "ಉಂಡು ಹೋಗು" ಎಂದಷ್ಟೇ ಅಂದಳು. ಹೊಗಳಿಕೆಯೆಂದೇ ಅವನು ತಿಳಿದ. ಆದರೂ ಅಂದಿನಿಂದ ಹೊನ್ನೂರಸ್ವಾಮಿ ಎದುರು ಬಂದರೆ ಪಕ್ಕದ ಗಲ್ಲಿ ಹಿಡಿಯುತ್ತಿದ್ದ. ತನ್ನ ಕಣ್ಣು ಕುರುಗೋಡಿನಲ್ಲಿ ಪೂಜೆಗೊಳ್ಳುತ್ತಿವೆ ಎಂಬುದು ಆ ಬಡಪಾಯಿಗೆ ಗೊತ್ತಿರಲಿಲ್ಲ.

ಕಡೆಗೊಂದು ದಿನ ಗಂಗೋತ್ರಿಯೇ ಅವನ ಫೋನು ಕಸಿದುಕೊಂಡಳು. "ಇವತ್ತು ಬಳ್ಳಾರಿಗೆ ಹೋಗಿ ಲೈಟು ತಗೊಂಡು ಬರ್ರಿ. ಇಲ್ಲಾಂದ್ರ ಈ ನೆಲ ಸವೀತೈತಿ" ಎಂದು ಕ್ಯಾಮೆರಾದ ಬ್ಯಾಗನ್ನೂ ಫೋನನ್ನೂ ಕೈಗಿಟ್ಟಳು. ಅವಳು ಇನ್ನೂ ಒಂದು ಕೆಲಸ ಮಾಡಿದ್ದಳು. ಅದು ಬಸ್ಸು ಹತ್ತಿದ ಮೇಲೆ ಗೊತ್ತಾಯಿತು. ಅವಳಿಂದ ಸುದ್ದಿ ತಿಳಿದ ಅತ್ತೆ ಫೋನು ಮಾಡಿದಳು.

"ಬಸ್ಸು ಕುರುಗೋಡಿನ ಮ್ಯಾಲೆ ಹೋಗೋದೇ ಹೌದಲ್ಲ? ನಾ ಸ್ಟ್ಯಾಂಡಿನಾಗ ನಿಂತೀನಿ."

"ನೀ ಯಾಕ ಅತ್ತಿ? ಬಿಸ್ಲು ಬಾಳ ಐತಿ."

"ಕಣ್ಣು ನನ್ನವು. ಲೈಟು ನಾನೇ ನೋಡಿ ತಗೋತೀನಿ."

ಅವಳು ಮುಂದಿನ ಬಾಗಿಲಲ್ಲಿ ಹತ್ತಿ, ಅವನ ಪಕ್ಕದಲ್ಲಿ ಕೂತು, ಸೆರಗಿನ ತುದಿಯಿಂದ ಮುಖ ಒರೆಸಿಕೊಂಡಳು. ಹಣೆಯಲ್ಲಿ ಆಗಷ್ಟೇ ಹಚ್ಚಿದ ವಿಭೂತಿ. ಬಳ್ಳಾರಿ ಬರುವ ತನಕ ಊರಿನ ಸುದ್ದಿ, ಮೆಣಸಿನಕಾಯಿ ಸುದ್ದಿ, ನೆರೆಮನೆಯ ಸೊಸೆಯ ಸುದ್ದಿ ಎಲ್ಲ ಹೇಳಿದಳು. ಫೋಟೊದ ಸುದ್ದಿ ಮಾತ್ರ ಎತ್ತಲಿಲ್ಲ. ಚನ್ನಬಸವ ಮೂರು ಸಲ ಬಾಯಿ ತೆರೆದು ಮೂರು ಸಲವೂ ಕಿಟಕಿಯ ಕಡೆ ತಿರುಗಿದ. ಅವನಿಗೆ ಅತ್ತೆಯ ಬಗ್ಗೆ ಹೆದರಿಕೆಯಿತ್ತು, ಅದಕ್ಕಿಂತ ಹೆಚ್ಚು ಪ್ರೀತಿಯಿತ್ತು.

ಲೈಟಿನ ಅಂಗಡಿ ಕಂಟೋನ್ಮೆಂಟಿನ ಒಂದು ಹಳೆಯ ಬಂಗಲೆಯ ಮುಂದಿನ ಕೋಣೆಯಲ್ಲಿತ್ತು. ಮಾಡು ಎತ್ತರ, ಗೋಡೆ ದಪ್ಪ. ಅಂಗಡಿಯ ವಿರೂಪಾಕ್ಷಿ ಸಾಲಾಗಿ ಸ್ಟ್ಯಾಂಡು ನಿಲ್ಲಿಸಿ ಬೆಳಕು ಮೆತ್ತಗಾಗಿಸುವ ಬಿಳಿ ಛತ್ರಿ, ಕಪ್ಪು ಬಟ್ಟೆಯ ಪೆಟ್ಟಿಗೆ ಎಲ್ಲ ತೂಗುಹಾಕಿದ್ದ. ಮಾತಿನಲ್ಲಿ ಕನ್ನಡ ತೆಲುಗು ಎರಡೂ ನೀರಿನ ಹಾಗೆ ಹರಿಯುತ್ತಿದ್ದವು.

"ಕುಂದ್ರಮ್ಮಾ. ಏನು, ತಾಯಿಯೋರಾ?"

"ಅವ್ನ ಸೋದರತ್ತಿ. ನನ್ನ ಕಣ್ಣು ಫೋಟೊದಾಗ ತೆರೀಬೇಕು. ಅಂಥಾದ್ದು ಐತೇನು?"

ವಿರೂಪಾಕ್ಷಿಗೆ ಹದಿನೈದು ವರ್ಷದ ವ್ಯಾಪಾರದಲ್ಲಿ ಇಂಥ ಗಿರಾಕಿ ಬಂದಿರಲಿಲ್ಲ. ಆದರೆ ಇಲ್ಲ ಎನ್ನುವ ಪದ ಅವನ ಬಾಯಲ್ಲಿರಲಿಲ್ಲ. ಮೊದಲು ಎಲ್‌ಇಡಿ ಹಚ್ಚಿದ. ಫ್ಲ್ಯಾಶಿನ ಗೊಡವೆಯೇ ಬೇಡ, ಸದಾ ಉರಿಯುವ ಬೆಳಕು, ಕಣ್ಣು ಮುಚ್ಚುವ ಮಾತೇ ಇಲ್ಲ ಎಂದ. ಅತ್ತೆ ಅದರ ಮುಂದೆ ಕೂತ ಕೂಡಲೇ ಕಣ್ಣು ಕಿರಿದಾಗಿ ನೀರು ಸುರಿಯತೊಡಗಿತು.

"ಸೂರ್ಯನ್ನ ನೋಡಾಕ ಇಲ್ಲೀತನ ಬರಬೇಕಿತ್ತೇನು? ನಮ್ಮ ಅಂಗಳದಾಗ ಪುಕ್ಕಟೆ ಐತಿ."

ಅದನ್ನು ಆರಿಸಿದರು. ಆಮೇಲೆ ವಿರೂಪಾಕ್ಷಿ ಒಳಗಿನಿಂದ ದೊಡ್ಡ ಪೆಟ್ಟಿಗೆ ಹೊತ್ತು ತಂದು ಕೂಸನ್ನು ತೊಟ್ಟಿಲಿಂದ ಎತ್ತುವ ಹಾಗೆ ಎತ್ತಿದ. ಅದೇ, ಎರಡು ತಿಂಗಳಿಂದ ಚನ್ನಬಸವ ಫೋನಿನಲ್ಲಿ ನೋಡಿ ನೋಡಿ ಕಣ್ಣು ಹಾಕಿದ್ದ ಲೈಟು. ಬ್ಯಾಟರಿಯದು, ಆಟೊಮ್ಯಾಟಿಕ್. ಇದೊಂದು ಸ್ಟುಡಿಯೊದಲ್ಲಿ ನಿಂತರೆ ಸಿರುಗುಪ್ಪದ ಉಳಿದ ಫೋಟೊದವರು ಬಂದು ನೋಡಿ ಹೊಟ್ಟೆ ಉರಿದುಕೊಳ್ಳಬೇಕು, ಅಂಥದ್ದು.

"ಇದಕ್ಕ ನೀವೇನೂ ಮಾಡೋದೇ ಬ್ಯಾಡ ಅಣ್ಣ. ಎಷ್ಟು ಬೆಳಕು ಬೇಕಂತ ಅದೇ ಲೆಕ್ಕ ಹಾಕ್ಕೊಂತೈತಿ. ನೀವು ಒತ್ತಿದ್ರ ಸಾಕು."

ಚನ್ನಬಸವ ಒತ್ತಿದ. ಅತ್ತೆಯ ಕಣ್ಣು ಮುಚ್ಚಿದ್ದವು. ಲೈಟನ್ನು ಪಕ್ಕಕ್ಕೆ ಸರಿಸಿ ಒತ್ತಿದ. ಮುಚ್ಚಿದ್ದವು. ಮೇಲಕ್ಕೆತ್ತಿ, ಮುಂದೆ ಬಿಳಿ ಬಟ್ಟೆ ಕಟ್ಟಿ, ಬೆಳಕು ತಗ್ಗಿಸಿ ಒತ್ತಿದ. ಆರನೆಯದರಲ್ಲೂ ಮುಚ್ಚಿದ್ದವು. ಇನ್ನೊಂದೇ ಸಲ ಕೂಡುತ್ತೇನೆ ಎಂದಿದ್ದಳು, ಆ ಒಂದು ಸಲ ಇಲ್ಲೇ, ಈ ಸ್ಟೂಲಿನ ಮೇಲೆ ಮುಗಿದುಹೋಗುತ್ತಿತ್ತು.

"ಅಮ್ಮಾ, ಸ್ವಲ್ಪ ಕಣ್ಣು ಬಿಗಿ ಹಿಡೀರಿ. ಮುಚ್ಚಬ್ಯಾಡ್ರಿ" ಎಂದ ವಿರೂಪಾಕ್ಷಿ.

ಅತ್ತೆಗೆ ಸಿಟ್ಟು ಬಂತು. "ನಾನೇನು ಬೇಕಂತ ಮುಚ್ಚತೀನೇನಪ್ಪ? ನೀವು ಎರಡು ಸಲ ಹೊಡದ್ರ ನಾನೇನು ಮಾಡ್ಲಿ?"

"ಎರಡು ಸಲ ಎಲ್ಲಿ ಹೊಡದ್ವಿ? ಒಂದೇ ಸಲ."

"ಎರಡು. ಮೊದಲು ಸಣ್ಣದೊಂದು ಮಿಂಚತೈತಿ, ಬೆನ್ನಿಗೇ ದೊಡ್ಡದು. ಸಣ್ಣದಕ್ಕ ನನ್ನ ಕಣ್ಣು ಮುಚ್ಚತೈತಿ. ದೊಡ್ಡದು ಬರೋದ್ರಾಗ ಮುಚ್ಚಿ ಮುಗದಿರತೈತಿ. ಎಲ್ಲಾ ಮದುವಿಯಾಗೂ ಹಂಗೇ."

ವಿರೂಪಾಕ್ಷಿ ನಕ್ಕ. ಚನ್ನಬಸವ ನಗಲಿಲ್ಲ. ಎರಡು ತಿಂಗಳಲ್ಲಿ ಮೊದಲ ಸಲ ಅವನ ಕಾಲು ನಿಂತಲ್ಲಿ ನಿಂತಿದ್ದವು. ಆಟೊಮ್ಯಾಟಿಕ್ ಎಂಬುದು ಲೆಕ್ಕ ಹಾಕುವುದಾದರೂ ಹೇಗೆ? ಮೊದಲು ಒಂದು ಸಣ್ಣ ಮಿಂಚು ಬಿಟ್ಟು ಅಳೆಯುತ್ತದೆ, ಆಮೇಲೆ ನಿಜವಾದದ್ದನ್ನು ಬಿಡುತ್ತದೆ. ಕಣ್ಣು ಮಿಟುಕಿಸುವುದರಲ್ಲಿ ಎರಡೂ ಮುಗಿಯುವುದರಿಂದ ಯಾರಿಗೂ ತಿಳಿಯುವುದಿಲ್ಲ. ಅವನು ಇದನ್ನು ಓದಿದ್ದ, ವಿಡಿಯೊದಲ್ಲಿ ಕೇಳಿದ್ದ, ಇನ್ನೊಬ್ಬರಿಗೆ ವಿವರಿಸಿಯೂ ಇದ್ದ. ಡಿಜಿಟಲ್ ಕ್ಯಾಮೆರಾ ಬಂದಾಗಿನಿಂದ ಅವನ ನೆತ್ತಿಯ ಫ್ಲ್ಯಾಶು ಯಾವಾಗಲೂ ಆಟೊಮ್ಯಾಟಿಕ್ಕಿನಲ್ಲೇ ಇತ್ತು. ಅತ್ತೆಯ ಕಣ್ಣು ನಿಧಾನದ್ದಲ್ಲ, ಎಲ್ಲರಿಗಿಂತ ಚುರುಕು. ಇಪ್ಪತ್ತು ವರ್ಷ ಅವಳದೇ ತಪ್ಪೆಂದು ಎಲ್ಲರೂ ನಕ್ಕಿದ್ದರು, ಅವನೂ ನಕ್ಕಿದ್ದ. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು.

"ಮ್ಯಾನುವಲ್ ಕೊಡ್ರಿ. ಸಾದಾದ್ದು, ಕರೆಂಟಿಂದು" ಎಂದ.

"ಅಣ್ಣ, ಇದರಾಗೂ ಮ್ಯಾನುವಲ್ ಐತಿ, ಒಂದು ಬಟನ್ ಅಷ್ಟೇ..."

"ಒಂದೇ ಸಲ ಮಿಂಚೋದು ಕೊಡಪ್ಪ" ಎಂದಳು ಅತ್ತೆ. "ಬುದ್ಧಿ ಬಾಳ ಇರೋದು ಬ್ಯಾಡ."

ವಿರೂಪಾಕ್ಷಿ ಮುಖ ಸಣ್ಣದು ಮಾಡಿಕೊಂಡು ಮೂಲೆಯಲ್ಲಿದ್ದ ಸಾದಾ ಲೈಟು ಎರಡನ್ನು ತಂದ. ಹಿಂದೆ ತಿರುಗಿಸುವ ಒಂದು ಗುಂಡಿ, ಒಂದು ಸ್ವಿಚ್ಚು, ಅಷ್ಟೇ. ಚನ್ನಬಸವ ಒಂದನ್ನು ಎಡಕ್ಕೆ ನಿಲ್ಲಿಸಿ ಮುಂದೆ ಛತ್ರಿ ಹಿಡಿಸಿದ, ಇನ್ನೊಂದನ್ನು ಹಿಂದಿನ ಗೋಡೆಗೆ ತಿರುಗಿಸಿದ. ಬೆಳಕಿನ ಲೆಕ್ಕವನ್ನು ಅಪ್ಪನ ಹಾಗೆ ಮನಸ್ಸಿನಲ್ಲೇ ಹಾಕಿ ಗುಂಡಿ ತಿರುಗಿಸಿದ. ಒತ್ತಿದ.

ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಅತ್ತೆ ಅವನನ್ನೇ ನೋಡುತ್ತಿದ್ದಳು.

ಕಣ್ಣು ಎರಡೂ ಪೂರಾ ತೆರೆದಿದ್ದವು. ಆದರೆ ವಿಭೂತಿ ಇನ್ನೂ ಬೆಳ್ಳಗೆ ಕಲಸಿಕೊಂಡಿತ್ತು. ಅವನು ಛತ್ರಿ ತೆಗೆದು ದೊಡ್ಡ ಬಟ್ಟೆಯ ಪೆಟ್ಟಿಗೆ ಕಟ್ಟಿಸಿದ, ಅತ್ತೆಯ ಹತ್ತಿರಕ್ಕೆ ಸರಿಸಿದ, ಗುಂಡಿ ಎರಡು ಗುರುತು ಇಳಿಸಿದ. ಮತ್ತೆ ಒತ್ತಿದ. ಹಣೆಯ ಮೇಲೆ ಒಂದು, ಎರಡು, ಮೂರು ಗೆರೆ, ನಡುವೆ ಚರ್ಮದ ಬಣ್ಣ ಸಹಿತ. ಅಪ್ಪ ಇದ್ದಿದ್ದರೆ ಹೆಗಲ ಮೇಲಿಂದ ಬಗ್ಗಿ ನೋಡಿ ಹೂಂ ಅನ್ನುತ್ತಿದ್ದ. ಚನ್ನಬಸವನಿಗೆ ಅಳು ಬಂದಂತಾಗಿ, ಕೇಬಲ್ ಸುತ್ತುವ ನೆವ ಮಾಡಿ ಬಗ್ಗಿದ.

ಅತ್ತೆ ಕ್ಯಾಮೆರಾ ಈಸಿಕೊಂಡು ನೋಡಿದಳು. ಬಹಳ ಹೊತ್ತು ನೋಡಿದಳು. "ಇವು ನನ್ನವೇ" ಎಂದಳು.

ಲೈಟುಗಳನ್ನು ಕಟ್ಟಲು ಹೇಳಿ ಇಬ್ಬರೂ ಮಂಡಕ್ಕಿಯ ಒಗ್ಗಾಣಿ, ಮಿರ್ಚಿ ಬಜ್ಜಿ ತಿನ್ನಲು ರಸ್ತೆಯಾಚೆಯ ಹೋಟೆಲಿಗೆ ಹೋದರು. ಚನ್ನಬಸವನಿಗೆ ಹಗುರವಾಗಬೇಕಿತ್ತು, ಆಗಲಿಲ್ಲ. ಮಿರ್ಚಿ ಮುರಿಯುತ್ತಾ ಕುರ್ಚಿಯಲ್ಲಿ ಅತ್ತ ಇತ್ತ ಸರಿಯುತ್ತಿದ್ದ.

"ಯಾರ್ವು?" ಎಂದಳು ಅತ್ತೆ.

"ಏನು?"

"ಗೊತ್ತಿಲ್ಲದೋರಂಗ ಮಾಡಬ್ಯಾಡ. ನಿಮ್ಮ ಮಾಮಗ ಹಚ್ಚಿದಿಯಲ್ಲ, ಆ ಕಣ್ಣು. ಯಾರ್ವು ಅವು?"

ಅವನು ಮಿರ್ಚಿಯನ್ನು ತಟ್ಟೆಯಲ್ಲಿಟ್ಟ. ಸುಳ್ಳು ಹೇಳಲು ಇನ್ನು ತ್ರಾಣವಿರಲಿಲ್ಲ. "ಹೊನ್ನೂರಸ್ವಾಮಿ ಅಂತ. ರೈಸ್ ಮಿಲ್ಲಿನಾಗ ಗುಮಾಸ್ತ."

"ಅದಾನೋ ಹೋದನೋ?"

"ಅದಾನ. ಗಟ್ಟಿ ಅದಾನ."

"ಅಯ್ಯೋ ಶಿವನ! ಬದುಕಿರೋ ಮನಷ್ಯಾಗ ಎಂಟು ವರ್ಷ ಊದಿನಕಡ್ಡಿ ಹಚ್ಚೀನಲ್ಲೋ! ಅವ್ನ ಮಕ್ಕಳು ಕೇಳಿದ್ರ ನನ್ನ ಬಡೀತಾರ" ಎಂದು ಅವಳು ಬಾಯಿಗೆ ಸೆರಗು ಒತ್ತಿಕೊಂಡಳು. ನಗುತ್ತಿದ್ದಾಳೋ ಏನೋ ಅವನಿಗೆ ತಿಳಿಯಲಿಲ್ಲ.

"ನಿನಗ ಯಾವಾಗ ಗೊತ್ತಾಯ್ತು ಅತ್ತಿ?"

"ನೀ ತಂದ ದಿನಾನೇ. ನಿಮ್ಮ ಮಾಮನ ಎಡಗಣ್ಣು ಸಣ್ಣದು. ಸುಳ್ಳು ಹೇಳೋ ಮುಂದ ಇನ್ನಾ ಸಣ್ಣದಾಗತಿತ್ತು. ಮೂವತ್ತೊಂಬತ್ತು ವರ್ಷ ಆ ಕಣ್ಣು ನೋಡೇ ನಾ ಸಂಸಾರ ಮಾಡಿದ್ದು. ಗ್ವಾಡಿಮ್ಯಾಲಿನಾತ ಎರಡೂ ಕಣ್ಣು ಸಮ ಬಿಟ್ಟು ನೋಡ್ತಾನ. ದೀಪ ಹಚ್ಚೋ ಮುಂದ ತಲಿ ಬಗ್ಗಿಸಿಬಿಡ್ತೀನಿ, ಪರಗಂಡಸಿನ ಮುಂದ ನಿಂತಂಗ ಆಗತೈತಿ."

"ಅವತ್ತೇ ಯಾಕ ಹೇಳಲಿಲ್ಲ?"

"ಹ್ಯಾಂಗ ಹೇಳ್ಲಿ? ಫೋಟೊಕ್ಕ ಹಾರ ಹಾಕಿ, ಮುಖ ಇಷ್ಟಗಲ ಮಾಡ್ಕೊಂಡು ತಂದಿದ್ದಿ. ನಿನಗೂ ಮಾಮ ಅಂದ್ರ ಜೀವ." ಅವಳು ನೀರು ಕುಡಿದಳು. ಲೋಟ ಕೆಳಗಿಟ್ಟ ಮೇಲೆ ಅವಳ ದನಿ ಬೇರೆಯಾಗಿತ್ತು. "ಆದ್ರ ಒಂದು ಮಾತು ಕೇಳ್ತೀನಿ ಚನ್ನಾ. ಜೀವ ಹೋದಾಗ ಅವ್ರ ಕಣ್ಣು ತೆರದೇ ಇದ್ವು. ನೀವೆಲ್ಲಾ ಹೊರಗ ಫೋನು ಮಾಡಾಕ ಹತ್ತಿದ್ರಿ. ನಾನೊಬ್ಬಾಕೆ ಒಳಗಿದ್ದೆ. ನನ್ನ ಕೈಲೆ ಮುಚ್ಚಿದೆ. ನಾ ಮುಚ್ಚಿದ ಕಣ್ಣು ಅವು. ನೀ ಯಾರ್ನ ಕೇಳಿ ತೆರದಿ?"

ಚನ್ನಬಸವನ ಕಣ್ಣೀರು ಮೇಜಿನ ಮೇಲೆ ಬಿತ್ತು, ಅವನು ಒರೆಸಲೂ ಇಲ್ಲ. ಹೋಟೆಲಿನವನು ಖಾರ ಹೆಚ್ಚಾಯಿತೆಂದು ತಿಳಿದು ಬೆಲ್ಲ ತಂದಿಟ್ಟ.

"ಅಳಬ್ಯಾಡ. ತಗದುಬಿಡು ಅವನ್ನ" ಎಂದಳು ಅತ್ತೆ. "ಹಳೇ ಫೋಟೊ ಐತೋ ಇಲ್ಲೋ?"

"ಐತಿ. ಹಾರ್ಡ್ ಡಿಸ್ಕಿನಾಗ ಐತಿ."

"ಹಂಗಾದ್ರ ಬೆಲ್ಲ ತಿನ್ನು."

ಮರುದಿನ ಬೆಳಿಗ್ಗೆ ಸ್ಟುಡಿಯೊದಲ್ಲಿ ಹೊಸ ಲೈಟುಗಳನ್ನು ಬಿಚ್ಚುವ ಮೊದಲು ಚನ್ನಬಸವ ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದುಕೊಂಡ. ಗಂಗೋತ್ರಿ ಪಕ್ಕದಲ್ಲಿ ನಿಂತಳು. ಎಂಟು ವರ್ಷದ ಹಿಂದಿನ ಫೈಲು ತೆರೆದಾಗ ಹೊನ್ನೂರಸ್ವಾಮಿಯ ಕಣ್ಣು ಮಾಮನ ಮುಖದಿಂದ ಇಬ್ಬರನ್ನೂ ನೋಡಿದವು. ಒಂದನ್ನು ಅಳಿಸಿದ, ಆಮೇಲೆ ಇನ್ನೊಂದನ್ನು. ಕೆಳಗೆ ಮಾಮನ ರೆಪ್ಪೆಗಳು ಅತ್ತೆ ಮುಚ್ಚಿದ ಹಾಗೇ ಇದ್ದವು. ಎಡಗಡೆಯದು ಒಂದು ಎಳೆ ತಗ್ಗಿತ್ತು. ಇಷ್ಟು ದಿನ ಅದನ್ನು ಕಂಡಿರಲಿಲ್ಲವಲ್ಲ ಎಂದು ಅವನಿಗೆ ತನ್ನ ಮೇಲೇ ಬೇಸರವಾಯಿತು.

"ಈಬತ್ತಿ ಸುಣ್ಣದಂಗ ಆಗೈತಲ್ರೀ. ಸ್ವಲ್ಪ ಸರಿ ಮಾಡ್ಲೇನು?" ಎಂದಳು ಗಂಗೋತ್ರಿ.

"ಬ್ಯಾಡ. ಇನ್ನೇನೂ ಮುಟ್ಟಬ್ಯಾಡ."

ಸೋಮವಾರ ಕಟ್ಟು ಹಾಕಿಸಿದ ಎರಡು ಫೋಟೊ ಹಿಡಿದು ಕುರುಗೋಡಿಗೆ ಹೋದ. ಅತ್ತೆ ಹಳೆಯದನ್ನು ಮೊದಲೇ ಇಳಿಸಿ, ಬಟ್ಟೆ ಸುತ್ತಿ, ಗೋಡೆಯ ಕಡೆ ಮುಖ ಮಾಡಿ ಇಟ್ಟಿದ್ದಳು. ಅವನು ಮಾಮನ ಫೋಟೊವನ್ನು ಅದೇ ಮೊಳೆಗೆ ಹಾಕಿದ. ಅತ್ತೆಯ ಫೋಟೊವನ್ನು ಪಕ್ಕದಲ್ಲಿ ಹಿಡಿದು ನೋಡಿದ.

"ಅಲ್ಲಿ ಬ್ಯಾಡ, ನಾ ಇನ್ನಾ ಬದುಕೀನಿ" ಎಂದಳು ಅವಳು. "ಈ ಕಡೀ ಗ್ವಾಡಿಗೆ ಹಾಕು, ಎದುರಿಗೆ. ಅವ್ರು ಕಣ್ಣು ಮುಚ್ಕೊಂಡಿರ್ಲಿ. ನಾ ನೋಡ್ತಿರ್ತೀನಿ."

ಅವನು ಹಾಗೇ ಹಾಕಿದ. ಅತ್ತೆ ಕೈ ಒರೆಸಿಕೊಂಡು ಗಂಡನ ಫೋಟೊದ ಮುಂದೆ ಬಂದು ನಿಂತಳು. ಈ ಸಲ ತಲೆ ಬಗ್ಗಿಸಲಿಲ್ಲ. ಆ ಮುಚ್ಚಿದ ಎಡಗಣ್ಣನ್ನು ನೋಡುತ್ತಾ, ಸಂತೆಯಿಂದ ತಡವಾಗಿ ಬಂದವರನ್ನು ಮಾತಾಡಿಸುವಷ್ಟೇ ಸಹಜವಾಗಿ, "ಬಂದ್ರೇನ್ರಿ?" ಎಂದಳು.

ಚನ್ನಬಸವ ಬಾಗಿಲಿಗೂ ಕಂಬಕ್ಕೂ ನಡುವೆ ಓಡಾಡುತ್ತಿದ್ದವನು ನಿಂತ. ಅತ್ತೆ ಅವನ ಕಡೆ ತಿರುಗಿದಳು.

"ಎಷ್ಟೊತ್ತು ಹಂಗ ತಿರಗತೀಯೋ? ಕುಂದ್ರು. ಉಂಡು ಹೋಗು."

ಅವನು ಕೂತ.